ಒಡೆದ ಕನ್ನಡಿಯೂ ಹಿಂದಿನ ದಾರಿಯೂ

2006ರ ಶ್ರಾವಣದ ಒಂದು ಶುಕ್ರವಾರ. ಹಾಸನದ ಪೇಟೆಬೀದಿಯಲ್ಲಿ ಕಾರು ನಿಲ್ಲಿಸಿ ಹೂವು ಕೊಳ್ಳಲು ಇಳಿದಿದ್ದೆ. ಮೂರು ಮೊಳ ಮಲ್ಲಿಗೆ ಅಳೆಸಿಕೊಂಡು ಬರುವಷ್ಟರಲ್ಲಿ ಯಾರೋ ಬಲಗಡೆಯ ಕನ್ನಡಿಗೆ ಗುದ್ದಿ ಹೋಗಿದ್ದರು. ಹೊರಗಿನ ಕರಿಯ ಚಿಪ್ಪಿಗೆ ಏನೂ ಆಗಿರಲಿಲ್ಲ. ಗಾಜು ಮಾತ್ರ ಜೇಡರ ಬಲೆಯಂತೆ ಸೀಳುಬಿಟ್ಟಿತ್ತು. ನಮ್ಮದು 1994ರ ಮಾರುತಿ 800. ಅದಕ್ಕಿದ್ದ ಹೊರಗನ್ನಡಿ ಅದೊಂದೇ. ಎಡಗಡೆಗೆ ಕಂಪನಿಯವರು ಕನ್ನಡಿಯನ್ನೇ ಇಟ್ಟಿರಲಿಲ್ಲ.

ಮನೆಗೆ ಬಂದರೆ ಅತ್ತೆಯವರಿಗೆ ಬೇರೆಯೇ ಚಿಂತೆ. “ಶುಕ್ರವಾರ ಕನ್ನಡಿ ಒಡೀತಲ್ಲೇ! ಒಡೆದ ಕನ್ನಡೀಲಿ ಮುಖ ನೋಡ್ಕೋಬಾರ್ದು ಕಣೇ.”

“ಅದರಲ್ಲಿ ನಾನು ನೋಡೋದು ನನ್ನ ಮುಖ ಅಲ್ಲ ಅತ್ತೆ, ಹಿಂದೆ ಬರೋ ಲಾರಿ ಮುಖ.”

“ಅದು ಇನ್ನೂ ಅಪಶಕುನ,” ಅಂದರು.

ಗ್ಯಾರೇಜಿನ ಹುಡುಗ, “ಬರೀ ಗ್ಲಾಸು ಸಿಗಲ್ಲಮ್ಮ, ಪೂರ್ತಿ ಮಿರರ್ ಹಾಕಿಸ್ಬೇಕು. ಇಲ್ಲದಿದ್ರೂ ನಡೆಯುತ್ತೆ, ಹಾರ್ನ್ ಇದೆಯಲ್ಲ,” ಎಂದ. ನಾನು ಕಾರು ಕಲಿತದ್ದೇ ನಲವತ್ತು ದಾಟಿದ ಮೇಲೆ. ಬೆನ್ನ ಹಿಂದೆ ಏನಿದೆಯೆಂದು ಕಾಣದೆ ಓಡಿಸುವ ಧೈರ್ಯ ನನಗೆ ಇಂದಿಗೂ ಇಲ್ಲ.

ಮೋಟಾರಿಗೆ ಕನ್ನಡಿ ಬಂದ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಸಾಮಾನ್ಯವಾಗಿ ಹೇಳುವುದು ಅಮೆರಿಕದ ರೇ ಹ್ಯಾರೂನನ ಹೆಸರನ್ನು. 1911ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯಕ್ಕೆ ಉಳಿದವರೆಲ್ಲ ಹಿಂದೆ ನೋಡಿ ಹೇಳಲು ಒಬ್ಬ ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು, ಇವನು ಒಬ್ಬನೇ. ಎದುರಾಳಿಗಳು ಆಕ್ಷೇಪಿಸಿದಾಗ ಕಣ್ಣಿನ ಮುಂದೆ ಒಂದು ಕನ್ನಡಿ ಕಟ್ಟಿಕೊಂಡ, ಪಂದ್ಯವನ್ನೂ ಗೆದ್ದ. ಇಟ್ಟಿಗೆ ಹಾಸಿದ ದಾರಿಯ ಕುಲುಕಾಟಕ್ಕೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ!

ಅದಕ್ಕೂ ಎರಡು ವರ್ಷ ಮೊದಲೇ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬಾಕೆ ‘ದ ವುಮನ್ ಅಂಡ್ ದ ಕಾರ್’ ಎಂಬ ಪುಸ್ತಕ ಬರೆದಿದ್ದಳು. ಆಕೆ ಗಂಡಸರ ಸಮಕ್ಕೆ ಪಂದ್ಯಗಳಲ್ಲಿ ಕಾರು ಓಡಿಸಿದವಳು. ಸೀಟಿನ ಕೆಳಗಿನ ಡ್ರಾಯರಿನಲ್ಲಿ ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಹಿಡಿಕೆಯಿರುವುದಾದರೆ ಒಳ್ಳೆಯದು, ಗಾಡಿ ಓಡಿಸುವಾಗ ಆಗಾಗ ಎತ್ತಿ ಹಿಡಿದು ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಎಂದು ಹೆಂಗಸರಿಗೆ ಹೇಳಿಕೊಟ್ಟಳು. ಕನ್ನಡಿ ಕಂಡೊಡನೆ ಹೆಂಗಸಿಗೆ ಅಲಂಕಾರದ ಹುಚ್ಚು ಎನ್ನುವವರಿಗೆ ಇದನ್ನು ಓದಿ ಹೇಳಬೇಕು ಅನ್ನಿಸಿತು. ನಮ್ಮ ಬೇಲೂರಿನ ದರ್ಪಣಸುಂದರಿಯನ್ನು ಎಷ್ಟು ಸಲ ನೋಡಿಲ್ಲ ನಾವು! ಅವಳ ಕಾಲದ ಕನ್ನಡಿ ಉಜ್ಜಿ ಹೊಳಪಿಟ್ಟ ಲೋಹದ್ದು. ಗಾಜಿನ ಬೆನ್ನಿಗೆ ತೆಳುವಾಗಿ ಬೆಳ್ಳಿ ಲೇಪಿಸುವ ವಿಧಾನವನ್ನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಕಂಡುಹಿಡಿದದ್ದು 1835ರಲ್ಲಿ.

ನಾನು ಹೋದದ್ದು ದೇವರ ಪಟಗಳಿಗೆ ಕಟ್ಟು ಹಾಕುವ ಗಾಜಿನ ಅಂಗಡಿಗೆ. ಕಾಗದದ ಮೇಲೆ ಹಳೆಯ ಗಾಜಿನ ಅಳತೆ ಗೀಚಿಕೊಟ್ಟೆ. ಅಂಗಡಿಯ ಹಿರಿಯರು ಅದೇ ಆಕಾರಕ್ಕೆ ಕನ್ನಡಿ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿಯೂ ಕೊಟ್ಟರು. ನಲವತ್ತು ರೂಪಾಯಿಗೆ ಕೆಲಸ ಮುಗಿಯಿತೆಂದು ಬೀಗಿದೆ.

ಮೂರನೆಯ ದಿನ ಶಾಲೆ ಬಿಡುವ ಹೊತ್ತು. ಕನ್ನಡಿಯಲ್ಲಿ ದಾರಿ ಖಾಲಿ ಕಂಡಿತು, ಬಲಕ್ಕೆ ತಿರುಗಿಸಿದೆ. ಬಾಗಿಲ ಪಕ್ಕದಲ್ಲೇ ಒಬ್ಬ ಹುಡುಗ ಸೈಕಲ್ಲಿನಿಂದ ಧೊಪ್ಪನೆ ಕಾಲೂರಿ ನಿಂತ. ಅವನ ಕಾಲಿಗೂ ಚಕ್ರಕ್ಕೂ ಗೇಣು ದೂರ. “ಆಂಟಿ, ನೋಡ್ಕೊಂಡು ಹೋಗಿ!” ನೋಡಿಕೊಂಡೇ ಹೋಗಿದ್ದೆನಲ್ಲ! ಆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಗಾಜಿನಲ್ಲಿತ್ತು, ಅಳತೆ ಬರೆದ ನನ್ನಲ್ಲೂ ಇತ್ತು. ಹಳೆಯ ಗಾಜು ಅಂಗೈ ತಾಗಿಸಿದರಷ್ಟೇ ತಿಳಿಯುವಂತೆ ಸ್ವಲ್ಪ ಉಬ್ಬಿತ್ತು. ಉಬ್ಬುಗನ್ನಡಿಯಲ್ಲಿ ಎಲ್ಲ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತದೆ. ಆದರೆ ಅಗಲಕ್ಕೆ ಕಾಣುತ್ತದೆ. ಚಪ್ಪಟೆ ಕನ್ನಡಿ ದೂರವನ್ನು ಸರಿಯಾಗಿ ಹೇಳಿದರೂ, ಅಷ್ಟೇ ಅಳತೆಯದಾದರೆ ಪಕ್ಕದ ದಾರಿಯನ್ನು ಬಿಟ್ಟುಬಿಡುತ್ತದೆ.

ಮರುದಿನ ಗುಜರಿ ಅಂಗಡಿಯಲ್ಲಿ ಹುಡುಕಿದೆ. ಚಿಪ್ಪು ಒಡೆದು ಗಾಜು ಗಟ್ಟಿಯಿದ್ದ ಅದೇ ಮಾದರಿಯ ಕನ್ನಡಿಯೊಂದು ಸಿಕ್ಕಿತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಸುತ್ತಿ, ಅಂಟು ಮೆದುವಾದ ಮೇಲೆ ಗಾಜನ್ನು ಬಿಡಿಸಿಕೊಂಡೆ. ನನ್ನ ಕಾರಿನ ಚಪ್ಪಟೆ ಗಾಜು ಬರಲೊಲ್ಲದು. ಅದರ ಮೇಲೆ ಅಗಲದ ಟೇಪು ಹಚ್ಚಿ ಒಡೆದು ತೆಗೆಯಬೇಕಾಯಿತು. ಟೇಪು ಇದ್ದುದರಿಂದ ಚೂರು ಸಿಡಿಯಲಿಲ್ಲ. “ಹುಳಿ ವಾಸನೆ ಬರೋ ಸಿಲಿಕೋನ್ ಹಾಕ್ಬೇಡಿ, ಹಿಂದಿನ ಬೆಳ್ಳಿ ತಿಂದುಬಿಡುತ್ತೆ,” ಎಂದು ಗಾಜಿನಂಗಡಿಯವರು ಮೊದಲೇ ಎಚ್ಚರಿಸಿದ್ದರು. ವಾಸನೆಯಿಲ್ಲದ ಅಂಟು ಹಚ್ಚಿ, ಮೇಲೆ ಟೇಪಿನ ಪಟ್ಟಿ ಕಟ್ಟಿ, ಇಡೀ ರಾತ್ರಿ ಒಣಗಲು ಬಿಟ್ಟೆ.

ಬೆಳಗ್ಗೆ ದೇವಸ್ಥಾನಕ್ಕೆ ಹೊರಟೆವು. ಅತ್ತೆ ಕೂತವರೇ ಒಳಗನ್ನಡಿಯನ್ನು ತಮ್ಮತ್ತ ತಿರುಗಿಸಿಕೊಂಡು ಕುಂಕುಮ ಸರಿಮಾಡಿಕೊಂಡರು. ನಾನು ಅದನ್ನು ಮತ್ತೆ ನನ್ನತ್ತ ತಿರುಗಿಸಿಕೊಂಡು, ಬಲಗನ್ನಡಿ ನೋಡಿದೆ. ಬೇಲಿಯ ಸಾಲು, ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್ಲು. ಅದು ದಾಟಿ ಹೋಗುವವರೆಗೆ ಕಾದು ಗೇರು ಹಾಕಿದೆ.