ಚಿಕ್ಕೋಡಿ ರೋಡ: ಹೆಸರಿದೆ, ಊರಿಲ್ಲ



ನಮ್ಮ ಭಾಗದ ರೈಲು ಹಾದಿಯನ್ನೊಮ್ಮೆ ನೆನಪಿಸಿಕೊಳ್ಳಿರಿ. ಘಟಪ್ರಭಾ, ಚಿಕ್ಕೋಡಿ ರೋಡ, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ, ಮಿರಜ. ಈ ಸಾಲಿನಲ್ಲಿ ನಿಪ್ಪಾಣಿ ಇಲ್ಲ, ಅಥಣಿಯೂ ಇಲ್ಲ. ಚಿಕ್ಕೋಡಿಯ ಹೆಸರಿದೆ, ಊರಿಲ್ಲ! ಸ್ಟೇಷನ್ನಿನ ಹೆಸರಿಗೆ 'ರೋಡ' ಎಂದು ಸೇರಿಸಿದ್ದರೆ, ಊರು ದೂರದಲ್ಲಿದೆ, ಅಲ್ಲಿಗೆ ಹೋಗಲು ಇಲ್ಲಿ ಇಳಿಯಬೇಕು ಎಂದರ್ಥ. ಗೋಕಾಕ ರೋಡ ಕೂಡ ಇಂಥದೇ.

1876-78ರ ಭೀಕರ ಬರಗಾಲದಲ್ಲಿ ಹಸಿದ ಜಿಲ್ಲೆಗಳಿಗೆ ಧಾನ್ಯ ಸಾಗಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. ಆ ಅನುಭವದಿಂದ ಈ ಸೀಮೆಗೆ ರೈಲು ಬೇಕೆಂಬ ವಿಚಾರ ಬಲಗೊಂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದ ಕೊನೆಯ ಭಾಗದಲ್ಲಿ ಬೆಳಗಾವಿ-ಮಿರಜ ಹಾದಿಯಲ್ಲಿ ಗಾಡಿ ಓಡಿತು. ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿತು. 1951ರಲ್ಲಿ ಈ ಹಾದಿ ದಕ್ಷಿಣ ರೈಲ್ವೆಗೆ ಸೇರಿತು.

ಹಳಿ ಬಂದರೂ ಒಂದು ತೊಡಕು ಉಳಿಯಿತು. ಇದು ಮೀಟರ್ ಗೇಜ್. ಹಳಿಗಳ ನಡುವಿನ ಅಂತರ 1000 ಮಿ.ಮೀ. ಪುಣೆಯಿಂದ ಮುಂಬಯಿಗೆ ಬ್ರಾಡ್ ಗೇಜ್, 1676 ಮಿ.ಮೀ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಆದ್ದರಿಂದ ಮುಂಬಯಿಗೆ ಹೊರಟ ಸರಕನ್ನು ಪುಣೆಯಲ್ಲಿ ಇಳಿಸಿ ಮತ್ತೆ ತುಂಬಬೇಕಿತ್ತು. 1971ರಲ್ಲಿ ಪುಣೆ-ಮಿರಜ ಹಾದಿ ಬ್ರಾಡ್ ಗೇಜ್ ಆದಾಗ ಈ ಇಳಿಸು-ತುಂಬು ಕೆಲಸ ಮಿರಜಕ್ಕೆ ಬಂದಿತು. ನಮ್ಮ ಹಳಿ ಅಗಲವಾದದ್ದು 1990ರ ದಶಕದಲ್ಲಿ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿ ನಿಪ್ಪಾಣಿಯ ತಂಬಾಕನ್ನು ವಖಾರದ ಬಾಗಿಲಿನಲ್ಲೇ ತುಂಬಿಕೊಳ್ಳುತ್ತಿತ್ತು. ಇತ್ತ ರೈಲ್ವೆ ಇಲಾಖೆ 1980ರ ದಶಕದಿಂದ ಬಿಡಿ ವ್ಯಾಗನ್‌ಗಳನ್ನು ಕಡಿಮೆ ಮಾಡಿ ಇಡೀ ಗಾಡಿಯ ಸರಕಿಗೆ ಆದ್ಯತೆ ಕೊಟ್ಟಿತು. ನಾಲ್ಕು ಚಕ್ಕಡಿ ಮಾಲು ತರುವ ರೈತನಿಗೆ, ಸಣ್ಣ ವ್ಯಾಪಾರಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ದೇಶದ ಅನೇಕ ಸಣ್ಣ ಸ್ಟೇಷನ್ನುಗಳಂತೆ ಇಲ್ಲಿಯೂ ಪ್ರಯಾಣಿಕರ ಗಾಡಿ ನಿಲ್ಲುತ್ತದೆ. ಹಳೆಯ ಸರಕಿನ ವಹಿವಾಟು ಮಾತ್ರ ನಿಂತುಹೋಯಿತು.

ಓದುಗರೇ, ಸ್ಟೇಷನ್ನು ಒಂದೇ ದಿನ ಪಾಳು ಬೀಳುವುದಿಲ್ಲ. ಮೊದಲು ಮಾಲು ಹೋಗುತ್ತದೆ, ಆಮೇಲೆ ಹಮಾಲರು, ಚಕ್ಕಡಿಯವರು, ಚಹದ ಅಂಗಡಿಯವರು ಹೋಗುತ್ತಾರೆ. ಕೊನೆಗೆ ನೆನಪೂ ಹೋಗುತ್ತದೆ. ಮಿರಜದಲ್ಲಿ ಮೂಟೆ ಹೊತ್ತವರು, ಮೀಟರ್ ಗೇಜ್ ಗಾಡಿಯಲ್ಲಿ ಕಾಲೇಜಿಗೆ ಹೋದವರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅಂಥ ಹಿರಿಯರ ಬಳಿ ಕುಳಿತುಕೊಳ್ಳಿರಿ. ಕಂಪನಿಯ ಕಾಗದಗಳಲ್ಲಿ ಸಿಗದ ಇತಿಹಾಸವನ್ನು ಅವರು ಹೇಳುತ್ತಾರೆ, ನೀವು ಬರೆದಿಡಿರಿ.