ಕಾಣದ ಬೆಳಕು, ಕಾಣಬೇಕಾದ ಬದಲಾವಣೆ: ಆಟಿಸಂ ಮಕ್ಕಳಲ್ಲಿ ಬೆಳಕಿನ ಚಿಕಿತ್ಸೆಯ ಪರೀಕ್ಷೆಗಳು

ಆಟಿಸಂ ಇರುವ ಮಕ್ಕಳ ತಲೆಗೆ ಮಂದ ಬೆಳಕು ಹಾಯಿಸಿದರೆ ಮಿದುಳಿಗೆ ಉಪಯೋಗವಾದೀತೆ? ಮೈಟೋಕಾಂಡ್ರಿಯದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಅವಗೆಂಪು ಬೆಳಕನ್ನು ಹೀರಿಕೊಂಡು ಜೀವಕೋಶದ ಶಕ್ತಿ ಉತ್ಪಾದನೆಯನ್ನು ಹೆಚ್ಚಿಸುತ್ತದೆ ಎಂಬುದು ಈ ಚಿಕಿತ್ಸೆಯ, ಅಂದರೆ ಫೋಟೋಬಯೋಮಾಡ್ಯುಲೇಷನ್ನಿನ, ಮುಖ್ಯ ವಾದ. ಕೂದಲು, ಚರ್ಮ, ತಲೆಬುರುಡೆಗಳನ್ನು ದಾಟಿ ಒಳಗೆ ತಲುಪುವುದು ಮಾತ್ರ ಬೆಳಕಿನ ಅಲ್ಪಾಂಶ.

2018ರಲ್ಲಿ ಲೀಸ್ಮನ್, ಮಚಾಡೊ ಮತ್ತು ಸಂಗಡಿಗರು 5ರಿಂದ 17 ವರ್ಷದ 40 ಮಂದಿಯ ಮೇಲೆ 635 ನ್ಯಾನೊಮೀಟರ್ ಲೇಸರ್ ಪ್ರಯೋಗಿಸಿ, ಸಿಡುಕುತನ ಕಡಿಮೆಯಾಯಿತೆಂದು ವರದಿ ಮಾಡಿದರು. 2024ರಲ್ಲಿ ಫ್ರಾಡ್ಕಿನ್ ತಂಡ ಅಮೆರಿಕದಲ್ಲಿ 2ರಿಂದ 6 ವರ್ಷದ 30 ಮಕ್ಕಳಿಗೆ ಎಂಟು ವಾರ, ವಾರಕ್ಕೆರಡು ಬಾರಿ, 40 ಹರ್ಟ್ಸ್‌ನಲ್ಲಿ ಮಿಡಿಯುವ ಅವಗೆಂಪು ಬೆಳಕು ಅಥವಾ ಹುಸಿ ಚಿಕಿತ್ಸೆ ಕೊಟ್ಟಿತು. ಆಟಿಸಂ ಲಕ್ಷಣಗಳ ತೀವ್ರತೆಯನ್ನು ಅಳೆಯುವ ಕಾರ್ಸ್ ಮಾಪಕದಲ್ಲಿ ಎರಡು ಗುಂಪುಗಳ ನಡುವೆ ಕಂಡ ಅಂತರ 7.23 ಅಂಕ. ಅನುಕರಣೆ, ಸದ್ದಿಗೆ ಸ್ಪಂದನ, ಮಾತು ಮುಂತಾದ 15 ಅಂಶಗಳಿಗೆ 1ರಿಂದ 4ರವರೆಗೆ ಅಂಕ ಕೊಡುವ ಈ ಮಾಪಕದಲ್ಲಿ ಅದು ಸಣ್ಣ ಅಂತರವಲ್ಲ. ಆದರೆ ಮಕ್ಕಳು ಕೇವಲ ಮೂವತ್ತು. ಸಾಧನ ರೂಪಿಸಿದ ಕಂಪನಿಯವರೂ ಲೇಖಕರಲ್ಲಿದ್ದಾರೆ.

ಇಲ್ಲಿ ಸೆಕ್ರೆಟಿನ್ ಪ್ರಕರಣವನ್ನು ನೆನೆಯಲೇಬೇಕು. 1998ರಲ್ಲಿ ಮೂರು ಮಕ್ಕಳ ವರದಿಯೊಂದರಿಂದ ಆ ಹಾರ್ಮೋನು ಆಟಿಸಂಗೆ ಮದ್ದಾದೀತೆಂಬ ಅಪಾರ ಆಸೆ ಹುಟ್ಟಿತು. ಮರುವರ್ಷ ಸ್ಯಾಂಡ್ಲರ್ ತಂಡದ ಪರೀಕ್ಷೆಯಲ್ಲಿ ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದ ಮಕ್ಕಳೂ ಅಷ್ಟೇ ಸುಧಾರಿಸಿದರು. ಫಲಿತಾಂಶ ತಿಳಿಸಿದ ಮೇಲೂ 69% ಪೋಷಕರು ಸೆಕ್ರೆಟಿನ್ ಬೇಕೆಂದರು. ಅವರನ್ನು ಮೂಢರೆನ್ನುವುದು ಅನ್ಯಾಯ. ಮಗು ಒಮ್ಮೆ ಕಣ್ಣಿಟ್ಟು ನೋಡಿದರೂ ಲೆಕ್ಕವಿಡುವವರು ಅವರೇ. ಚಿಕ್ಕ ಮಕ್ಕಳು ಬೆಳೆಯುತ್ತಲೂ ಇರುತ್ತಾರೆ. ಎಂಟು ವಾರದಲ್ಲಿ ಚಿಕಿತ್ಸೆಯಿಲ್ಲದೆಯೂ ಹೊಸ ಮಾತು ಮೂಡಬಹುದು.

ಆದ್ದರಿಂದ ಅಲೆಯುದ್ದದ ಆಯ್ಕೆಯೂ ಪರೀಕ್ಷೆಯ ಪ್ರಾಮಾಣಿಕತೆಯ ಪ್ರಶ್ನೆಯೇ ಎಂದು ನನಗನಿಸುತ್ತದೆ. 635 ನ್ಯಾನೊಮೀಟರ್ ಕಣ್ಣಿಗೆ ಕಾಣುವ ಕೆಂಪು. 850 ನ್ಯಾನೊಮೀಟರಿನ ಅವಗೆಂಪು ಹೆಚ್ಚುಕಡಿಮೆ ಕಾಣದು. ಯಾವ ಮಗುವಿಗೆ ನಿಜವಾದ ಬೆಳಕು ಸಿಕ್ಕಿತೆಂಬುದನ್ನು ಮುಚ್ಚಿಡುವುದು ಎರಡನೆಯದರಲ್ಲಿ ಸುಲಭ. ಆದರೂ ಕೊನೆಗೆ ಮಗು ಯಾವ ಗುಂಪಿನಲ್ಲಿತ್ತೆಂಬ ಊಹೆಯನ್ನು ಪೋಷಕರಿಂದ ಕೇಳಿ ದಾಖಲಿಸಬೇಕು. ಮಗುವಿನ ಆಟದ ವಿಡಿಯೊಗಳನ್ನು, ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತಿಳಿಯದ ತಜ್ಞರು ಅಳೆಯಬೇಕು.

ಕರ್ನಾಟಕದಲ್ಲಿ ಇಂಥ ಪರೀಕ್ಷೆ ನಡೆಯುವುದಾದರೆ ದಟ್ಟ ಕಪ್ಪು ಕೂದಲು ಎಷ್ಟು ಬೆಳಕನ್ನು ಹೀರುತ್ತದೆಂಬ ಅಳತೆ ಮೊದಲು ಆಗಬೇಕು. ಮಾತಿನ ಬದಲಾವಣೆಯನ್ನು ಕನ್ನಡದಲ್ಲೇ ಅಳೆಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅದಕ್ಕೆ ಬೇಕಾದ ಪರಿಣತಿಯಿದೆ.