ಚೆನ್ನಮ್ಮನೋ, ಚಿನ್ನಮ್ಮನೋ?

ಹೆಣ್ಣುಮಗುವಿಗೆ ಹೆಸರಿಡುವುದು ಮೇಲುನೋಟಕ್ಕೆ ಮನೆಯೊಳಗಿನ ಮಾತು. ತೊಟ್ಟಿಲಿಗೆ ಹಾಕುವ ದಿನ ಹತ್ತಿರವಾದಂತೆ ಅಜ್ಜಿ ಒಂದು ಹೆಸರು ಹೇಳುತ್ತಾಳೆ, ತಾಯಿ ಇನ್ನೊಂದು ಹೇಳುತ್ತಾಳೆ. ತಂದೆಯಾದವನು ಎರಡಕ್ಕೂ ತಲೆದೂಗಿ ಮೂರನೆಯದೊಂದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾನೆ. ಆದರೆ ಈ ಮಾತಿಗೂ ಒಂದು ಚರಿತ್ರೆಯುಂಟು. ಅದರಲ್ಲಿಯೂ ಒಂದಕ್ಷರ ಮಾತ್ರ ಬೇರೆಯಾದ ಎರಡು ಹೆಸರುಗಳ ನಡುವೆ ಆರಿಸಬೇಕಾಗಿ ಬಂದು, ಆ ಆಯ್ಕೆ ಕನ್ನಡ ನಾಡಿನ ಗಡಿಯಾಚೆ ನಡೆಯುವುದಾದರೆ, ಅದು ಮನೆಯ ಮಾತಾಗಿ ಮಾತ್ರ ಉಳಿಯುವುದಿಲ್ಲ.

ನಮ್ಮ ಶಾಸನಗಳನ್ನು ತೆರೆದರೆ ಹೆಣ್ಣುಮಕ್ಕಳ ಹೆಸರುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಕವಿ ರನ್ನನ ತಾಯಿ ಅಬ್ಬಲಬ್ಬೆ. ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ಬನವಾಸಿ ಸೀಮೆಯ ನಾಗರಖಂಡದಲ್ಲಿ 10ನೆಯ ಶತಮಾನದ ಆರಂಭದಲ್ಲಿ ಗಂಡನ ಅಧಿಕಾರವನ್ನು ತಾನೇ ವಹಿಸಿಕೊಂಡು ನಡೆಸಿದ ಧೀರೆ ಜಕ್ಕಿಯಬ್ಬೆ. ಅಬ್ಬೆಯೆಂದರೆ ತಾಯಿ. ತೊಟ್ಟಿಲ ಕೂಸಿಗೂ ತಾಯಿಯೆಂದೇ ಹೆಸರಿಡುತ್ತಿದ್ದರು. ಬಾಲ ಒಂದೇ, ತಲೆ ಮಾತ್ರ ಬೇರೆ ಬೇರೆ. ಮಲ್ಲಪಯ್ಯನ ಮಕ್ಕಳಿಬ್ಬರು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಇಬ್ಬರನ್ನೂ ಚಾಲುಕ್ಯ ದಂಡನಾಯಕ ನಾಗದೇವನಿಗೇ ಕೊಟ್ಟು ಮದುವೆ ಮಾಡಿದರು. ನಾಗದೇವ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಎತ್ತಿಸಿದಳು. ಅಲ್ಲಿಯ 1007ರ ಶಾಸನ ಅವಳನ್ನು ಹೊಗಳಿ ಸಾಕೆನಿಸಿಕೊಂಡಿಲ್ಲ. ಒಂದೇ ಮನೆ, ಹೆಚ್ಚುಕಡಿಮೆ ಒಂದೇ ಹೆಸರು. ಬಾಳು ಮಾತ್ರ ಎಷ್ಟು ಬೇರೆ!

ಇಲ್ಲಿ ರನ್ನನ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಈ ಮಹಾಕವಿ 993ರಲ್ಲಿ ಅಜಿತಪುರಾಣವನ್ನು ಬರೆದದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ತನ್ನ ಮಗನಿಗೆ ಅವನು ಚಾವುಂಡರಾಯನ ನೆನಪಿಗೆ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮನೆಯಲ್ಲಿ ತಾಯಿ ಅಬ್ಬಲಬ್ಬೆಯ ಹೆಸರಿತ್ತು. ಹೊರಗೆ ಪೊರೆದವಳ ಹೆಸರಿತ್ತು. ಕವಿ ಎರಡನೆಯದನ್ನು ಆರಿಸಿದನು. ತಾಯಿಯ ಮೇಲೆ ಪ್ರೀತಿಯಿಲ್ಲವೆಂದು ಇದರ ಅರ್ಥವಲ್ಲ. ಉಪಕಾರ ಸ್ಮರಣೆಗೆ ಮಗಳ ಹೆಸರಿಗಿಂತ ಒಳ್ಳೆಯ ಜಾಗ ಅವನಿಗೆ ಕಾಣಲಿಲ್ಲವೆಂದು ನನ್ನ ಊಹೆ.

ಕಾಲಕ್ರಮದಲ್ಲಿ ಅಬ್ಬೆ ಹಿಂದೆ ಸರಿದು ಅಮ್ಮ ಮುಂದೆ ಬಂದಳು. ಆಗ ಕನ್ನಡ ನಾಡಿನಲ್ಲಿ ಮನೆಮನೆಯ ಮಾತಾದ ಹೆಸರುಗಳಲ್ಲಿ ಚೆನ್ನಮ್ಮ ಒಂದು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ನೆರವಿತ್ತು ದಾಟಿಸಿದವಳು ಕೆಳದಿಯ ಚೆನ್ನಮ್ಮ. ಅವನು ಅಲ್ಲಿಂದ ಬಂದು ಸೇರಿದ್ದು ನಮ್ಮ ಈ ಸೀಮೆಯ ಸೆಂಜಿಯ ಕೋಟೆಯನ್ನು. 1824ರ ಅಕ್ಟೋಬರ್ 23ರಂದು ಕಂಪನಿಯ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಕಿತ್ತೂರಿನ ಚೆನ್ನಮ್ಮನ ಪಡೆ. ಆಕೆ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ನಮ್ಮ ಮಕ್ಕಳು ಇಬ್ಬರನ್ನೂ ಒಬ್ಬಳೇ ಎಂದು ತಿಳಿಯುವುದುಂಟು. ಊರನ್ನು ಸೇರಿಸಿ ಹೇಳದಿದ್ದರೆ ಅವರನ್ನು ದೂರುವಂತೆಯೂ ಇಲ್ಲ. ಅಂದ ಹಾಗೆ, 1961ರಲ್ಲಿ ಕಿತ್ತೂರು ಚೆನ್ನಮ್ಮನನ್ನು ತೆರೆಯ ಮೇಲೆ ತಂದವರು ಈ ಊರಿನಲ್ಲಿ ನೆಲೆಸಿ ಚಿತ್ರ ತಯಾರಿಸುತ್ತಿದ್ದ ಬಿ. ಆರ್. ಪಂತುಲು, ರಾಣಿಯಾದವರು ಬೆಂಗಳೂರಿನ ಬಿ. ಸರೋಜಾದೇವಿ.

ಈ ಊರಿನ ಹೆಸರಿನಲ್ಲಿಯೂ ಚೆನ್ನ ಇದ್ದಾನೆಂಬುದನ್ನು ಗಮನಿಸಬೇಕು. 1639ರಲ್ಲಿ ಇಂಗ್ಲಿಷರಿಗೆ ಕಡಲ ದಂಡೆಯ ಈ ನೆಲವನ್ನು ಬಿಟ್ಟುಕೊಟ್ಟ ನಾಯಕರ ತಂದೆ ದಾಮರ್ಲ ಚೆನ್ನಪ್ಪ ನಾಯಕ. ಅವನ ಹೆಸರಿನಿಂದಲೇ ಚೆನ್ನಪಟ್ಟಣ. ಮದರಾಸು ಮತ್ತು ಚೆನ್ನಪಟ್ಟಣವೆಂಬ ಎರಡು ಹೆಸರುಗಳಲ್ಲಿ ಒಂದನ್ನು ಸರಕಾರ ಆರಿಸಿದ್ದು 1996ರಲ್ಲಿ. ನಮ್ಮ ರಾಜ್ಯದ ಕಥೆಯೇನು ಕಡಿಮೆಯೇ? 1956ರ ನವೆಂಬರ್ 1ರಂದು ಹುಟ್ಟಿದ ಕೂಸನ್ನು ಹದಿನೇಳು ವರ್ಷ ಮೈಸೂರೆಂದು ಕರೆದು, 1973ರಲ್ಲಿ ಕರ್ನಾಟಕವೆಂದು ನಾಮಕರಣ ಮಾಡಿದೆವು. ಅಷ್ಟು ತಡ ಯಾವ ಮನೆಯಲ್ಲಿಯೂ ಆಗಿರಲಾರದು!

ಇನ್ನು ಚಿನ್ನಮ್ಮ. ಕನ್ನಡದಲ್ಲಿ ಚೆನ್ನವೆಂದರೆ ಚೆಲುವು, ಒಳ್ಳೆಯದು, ಚಿನ್ನವೆಂದರೆ ಬಂಗಾರ. ಎರಡೂ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಅಕ್ಕತಂಗಿಯರಂತೆ ಬಾಳಿವೆ. ಆದರೆ ಜೋಲಾರಪೇಟೆ ದಾಟಿ ಬಂದೊಡನೆ ಚಿನ್ನಮ್ಮನ ಬಂಗಾರ ಕರಗಿಹೋಗುತ್ತದೆ. ತಮಿಳಿನಲ್ಲಿ ಚಿನ್ನವೆಂದರೆ ಚಿಕ್ಕದು. ಚಿನ್ನಮ್ಮಾ ಎಂದರೆ ನಮ್ಮ ಚಿಕ್ಕಮ್ಮ. ಹೀಗಿರುವಲ್ಲಿ ಎರಡು ವರ್ಷದ ಮಗುವನ್ನು ಬೀದಿಯವರೆಲ್ಲ ಚಿಕ್ಕಮ್ಮ ಎಂದು ಕರೆದಂತಾಗುತ್ತದೆ. 2016ರ ಕೊನೆಯಲ್ಲಿ ವಿ. ಕೆ. ಶಶಿಕಲಾ ಅವರನ್ನು ಅನುಯಾಯಿಗಳು ಇದೇ ಹೆಸರಿನಿಂದ ಕೊಂಡಾಡತೊಡಗಿದ ಮೇಲಂತೂ ಈ ಹೆಸರಿಗೆ ರಾಜಕೀಯದ ಬಣ್ಣವೂ ಅಂಟಿತು.

ಈಗಿನವರು ಚೆನ್ನಮ್ಮನನ್ನೂ ಇಡುವುದಿಲ್ಲ, ಚಿನ್ನಮ್ಮನನ್ನೂ ಇಡುವುದಿಲ್ಲ, ಇದೆಲ್ಲ ಏಕೆ ಎಂದು ವಾಚಕರು ಕೇಳಬಹುದು. ಸರಿ, ಈಗಿನ ಹೆಸರುಗಳನ್ನೇ ನೋಡೋಣ: ಭಾವನಾ, ಪಾವನಾ. ಕನ್ನಡದಲ್ಲಿ ಒಂದು ಮನಸ್ಸಿಗೆ ಸೇರಿದ್ದು, ಇನ್ನೊಂದು ಶುದ್ಧಿಗೆ ಸೇರಿದ್ದು. ತಮಿಳು ಲಿಪಿಯಲ್ಲಾದರೋ ಪ, ಫ, ಬ, ಭ ನಾಲ್ಕಕ್ಕೂ ಅಕ್ಷರ ಒಂದೇ. ಬರೆದರೆ ಇಬ್ಬರು ಹುಡುಗಿಯರೂ ಒಬ್ಬಳೇ ಆಗುತ್ತಾರೆ. ತಾರಾ ಮತ್ತು ಧಾರಾ ಎಂಬುವರ ಗತಿಯೂ ಅಷ್ಟೇ. ಇದು ತಮಿಳಿನ ಕೊರತೆಯಲ್ಲ. ಆ ಭಾಷೆಗೆ ಅಷ್ಟು ಅಕ್ಷರಗಳೇ ಸಾಕು, ಅದು ತನ್ನ ಮನೆಯನ್ನು ತಾನು ಚೊಕ್ಕವಾಗಿ ಇಟ್ಟುಕೊಂಡಿದೆ. ತೊಂದರೆ ಇರುವುದು ನೆರೆಮನೆಯಲ್ಲಿ ಬಾಳುವ ನಮಗೆ. ಮಹಾಪ್ರಾಣವನ್ನು ಮನೆಯಲ್ಲಿ ಒತ್ತಿ ನುಡಿಯದಿದ್ದರೆ, ಶಾಲೆಗೆ ಹೋದ ಭಾವನಾ ಸಂಜೆಗೆ ಪಾವನಾ ಆಗಿ ಮರಳಿದರೂ ಯಾರಿಗೂ ತಿಳಿಯದು. ಮೂರನೆಯ ತಲೆಮಾರಿಗೆ ಆ ಮನೆಯಲ್ಲಿ ಭಕಾರವೇ ಉಳಿಯದೆ ಹೋಗಬಹುದು.

ಇಂಗ್ಲಿಷಿನದು ಇದಕ್ಕೆ ವಿರುದ್ಧವಾದ ಚೇಷ್ಟೆ. ಅದು ಒಂದು ಹೆಸರನ್ನು ಎರಡು ಮಾಡುತ್ತದೆ. 1948ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿಗೆ ಮೊದಲು ಇಟ್ಟದ್ದು ಅಜ್ಜಿಯ ಹೆಸರು, ಕೋಮಲವಲ್ಲಿ ಎಂದು. ಅನಂತರ ಬಂದ ಹೆಸರು ಜಯಲಲಿತಾ. ಮೈಸೂರಿನ ಜಯವಿಲಾಸ, ಲಲಿತಾವಿಲಾಸ ಎಂಬ ಎರಡು ಮನೆಗಳ ಹೆಸರು ಕೂಡಿ ಅದು ಆಯಿತೆಂದು ಹೇಳುತ್ತಾರೆ. ಆಕೆ 1964ರಲ್ಲಿ ಪಂತುಲು ಅವರ ಚಿನ್ನದ ಗೊಂಬೆಯಲ್ಲಿ ನಾಯಿಕೆಯಾದದ್ದು, ಮುಂದೆ ಈ ರಾಜ್ಯವನ್ನೇ ಆಳಿದ್ದು ಎಲ್ಲರಿಗೂ ತಿಳಿದ ಸಂಗತಿ. 2001ರಲ್ಲಿ ಆಕೆ ಇಂಗ್ಲಿಷ್ ಬರಹದ ಕೊನೆಗೆ ಇನ್ನೊಂದು ‘ಎ’ ಸೇರಿಸಿಕೊಂಡರು. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಒಂದು ಗೀಟೂ ಬದಲಾಗಲಿಲ್ಲ!

ದೊಡ್ಡವರಿಗೆ ಅದು ಸಲ್ಲುತ್ತದೆ. ನಮ್ಮಂಥವರಿಗೆ ಒಂದು ಅಕ್ಷರ ದುಬಾರಿ. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವ ನಾನು ದಿನವೂ ಕಾಣುವುದು ಇದನ್ನೇ: ಆಧಾರದಲ್ಲಿ ‘ಬಿ’ಯಿಂದ, ಶಾಲೆಯ ಪತ್ರದಲ್ಲಿ ‘ಪಿ’ಯಿಂದ ತೊಡಗುವ ಒಬ್ಬಳೇ ಹುಡುಗಿ ತಾನು ತಾನೇ ಎಂದು ಸಾಧಿಸಲು ಪ್ರಮಾಣಪತ್ರ ಹಿಡಿದು ನಿಂತಿರುತ್ತಾಳೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಏರ್ಪಾಡಿನಂತೆ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಬರೆಯಿಸಬಹುದು. ಅನಂತರ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶವುಂಟು. ಆದರೆ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಮತದಾರರ ಪಟ್ಟಿ ಎಲ್ಲಕ್ಕೂ ಈ ಜನನ ಪತ್ರವೇ ಆಧಾರ. ಆದಕಾರಣ ಕಾರ್ಪೊರೇಷನ್ನಿಗೆ ಹೋಗುವ ಮುನ್ನ ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬರೆದು, ನೆರೆಯ ತಮಿಳರೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ನೋಡುವುದು ಒಳ್ಳೆಯದು.

ನಮ್ಮ ಬೀದಿಯ ಧಾರವಾಡದ ದಂಪತಿಗಳಿಗೆ ನಾನು ಹೇಳಿದ್ದೂ ಇದನ್ನೇ. ಅವರ ಮಗಳಿಗೆ ಈಗ ಒಂಬತ್ತು ತಿಂಗಳು. ತಂದೆ ಭಾವನಾ ಎನ್ನುತ್ತಾರೆ. ತಾಯಿ, ಹೇಗೂ ಇಲ್ಲಿಯವರು ಬರೆಯುವುದು ಒಂದೇ ತರಹ, ಪಾವನಾ ಎಂದೇ ಇಡೋಣ ಎನ್ನುತ್ತಾರೆ. ಊರಿನಿಂದ ಬಂದ ಅಜ್ಜಿಗೆ ಎರಡೂ ಒಪ್ಪಿಗೆಯಿಲ್ಲ. ಅವರದು ತಮ್ಮ ತಾಯಿಯ ಹೆಸರು, ಚೆನ್ನಮ್ಮ. ನನ್ನನ್ನು ಕೇಳಿದರೆ ಅಜ್ಜಿಯ ಪಕ್ಷವೇ ಗಟ್ಟಿ; ಆ ಹೆಸರು ಯಾವ ಲಿಪಿಯಲ್ಲಿಯೂ ಇನ್ನೊಂದಾಗುವುದಿಲ್ಲ. ಆದರೆ ನನ್ನನ್ನು ಅವರು ಕೇಳಿದ್ದು ಅರ್ಜಿಯ ವಿಷಯ ಮಾತ್ರ. ಅರ್ಜಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ, ಮೂರು ತಿಂಗಳು ಉಳಿದಿದೆ. ಸದ್ಯಕ್ಕೆ ಮನೆಯವರೆಲ್ಲ ಅವಳನ್ನು ಚಿನ್ನಾ ಎಂದು ಕರೆಯುತ್ತಾರೆ. ಪಕ್ಕದ ಮನೆಯ ತಮಿಳು ಅಮ್ಮನವರೂ ಹಾಗೆಯೇ ಕರೆಯುತ್ತಾರೆ, ಚಿಕ್ಕವಳೆಂಬ ಅರ್ಥದಲ್ಲಿ.